ಚೀಟಿ ಹರಿದ ಕ್ಯಾನು

ಕಾಲೇಜಿನ ಮೂರನೆಯ ವರ್ಷದ ಪರೀಕ್ಷೆ ಮುಗಿದ ವಾರವೇ ಸಹಪಾಠಿ ಪೆರಿಜಾತ್ ಮತ್ತು ನಾನು ಅಮೆರಿಕಕ್ಕೆ ಹೊರಟೆವು. ಬೇಸಿಗೆ ಬಂದರೆ ನಮ್ಮ ರಾಜಧಾನಿ ಬಿಷ್ಕೆಕ್‌ನ ಹಾಸ್ಟೆಲುಗಳು ಹೀಗೆಯೇ ಅರ್ಧ ಖಾಲಿಯಾಗುತ್ತವೆ. ಮೂರು ತಿಂಗಳು ಅಲ್ಲಿ ದುಡಿಯುವುದು, ಕೊನೆಗೊಂದು ವಾರ ಊರು ಸುತ್ತುವುದು, ಸೆಪ್ಟೆಂಬರಿನಲ್ಲಿ ಹೊಸ ಬಿಳಿ ಶೂ ಹಾಕಿಕೊಂಡು ತರಗತಿಗೆ ಬರುವುದು. ನಮ್ಮನ್ನು ಕಳಿಸಿದವನು ಏಜೆಂಟ್ ಮೆಲಿಸ್. ಸ್ವಂತ ಅಣ್ಣನೋ ಎಂಬಂತೆ ಎಲ್ಲರ ಬಾಯಲ್ಲೂ ಅವನು ಮೆಲಿಸ್ ಬಾಯ್ಕೆ.

"ಇನ್ಮೇಲೆ ಇವರು ನನ್ನ ತಂಗಿಯರು ಕಣಮ್ಮಾ, ನೀವು ನಿಶ್ಚಿಂತೆಯಾಗಿರಿ" ಎಂದು ವಿಮಾನ ನಿಲ್ದಾಣದಲ್ಲಿ ಎದೆ ಮುಟ್ಟಿಕೊಂಡು ಹೇಳಿದ. ನಮ್ಮೂರು ಅಟ್‌ಬಾಷಿಯಿಂದ ದಿನವಿಡೀ ಬಸ್ಸಿನಲ್ಲಿ ಕೂತು ಬಂದಿದ್ದ ನನ್ನ ತಾಯಿ ಅವನ ಎರಡೂ ಕೈ ಹಿಡಿದು ಹರಸಿದಳು. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ನಾವು ಹೋದದ್ದು ಪೂರ್ವ ಕರಾವಳಿಯ ಒಂದು ಸಣ್ಣ ಊರಿಗೆ. ಸಮುದ್ರಕ್ಕೆ ಎದುರಾಗಿ ಎರಡಂತಸ್ತಿನ ಹೋಟೆಲು, ಗ್ಯಾರೆಟ್ ಎಂಬವನು ಅದರ ಮಾಲೀಕ. ಕೋಣೆ ಸ್ವಚ್ಛ ಮಾಡುವುದು ನಮ್ಮ ಕೆಲಸ. ಮೊದಲ ದಿನವೇ ಎದೆಗೆ ಸಿಕ್ಕಿಸಿಕೊಳ್ಳುವ ಹೆಸರಿನ ಬಿಲ್ಲೆ ಕೊಟ್ಟ. ಪೆರಿಜಾತ್‌ಳ ಬಿಲ್ಲೆಯಲ್ಲಿ ಪೆನ್ನಿ ಎಂದಿತ್ತು. ಬುರುಲ್ ಎಂಬ ನಾನು ಬೆತ್ ಆಗಿದ್ದೆ.

"ನಮ್ಮ ಹೆಸರು ಇದಲ್ಲ" ಎಂದೆ.

"ಬರೋ ಗಿರಾಕಿಗಳ ನಾಲಿಗೆ ಹೊರಳ್ಬೇಕಲ್ಲ" ಎಂದ.

ಪೆರಿಜಾತ್ ನಕ್ಕು ಬಿಲ್ಲೆ ಚುಚ್ಚಿಕೊಂಡಳು. ಅವಳು ಹಾಗೆಯೇ. ಕೋಚ್ಕೋರ್‌ನ ಶಾಲಾ ಮೇಷ್ಟರ ಮಗಳು, ಇಂಗ್ಲಿಷ್ ವಿಭಾಗಕ್ಕೇ ಮೊದಲನೆಯವಳು, ಆದರೆ ಯಾರೊಂದಿಗೂ ಜಗಳ ಬೇಡ. ನಾನು ನನ್ನದನ್ನು ಜೇಬಿಗೆ ಹಾಕಿಕೊಂಡೆ.

ಜುಲೈ ಎರಡನೆಯ ವಾರ. ಬಚ್ಚಲಿನ ನೆಲ ಕಪ್ಪುಗಟ್ಟಿದೆ ಎಂದು ಯಾರೋ ದೂರಿದ್ದರು. ಗ್ಯಾರೆಟ್ ಎಲ್ಲಿಂದಲೋ ಒಂದು ದೊಡ್ಡ ಕ್ಯಾನು ತಂದು ಬಟ್ಟೆ ಒಗೆಯುವ ಕೋಣೆಯಲ್ಲಿಟ್ಟ. ಮೇಲಿನ ಚೀಟಿ ಅರ್ಧ ಹರಿದಿತ್ತು, ಉಳಿದರ್ಧ ಗೋಡೆಯ ಕಡೆಗಿತ್ತು. ತಾನೇ ಅದರಿಂದ ಸ್ಪ್ರೇ ಬಾಟಲಿಗೆ ಸುರಿದುಕೊಟ್ಟ.

"ಏನ್ ಸರ್ ಇದು?" ಕೇಳಿದಳು ಪೆರಿಜಾತ್.

"ಸೋಪು."

"ಕೈಗವಸು ಬೇಡ್ವಾ?"

"ಸೋಪಿಗೆ ಯಾರಾದ್ರೂ ಕೈಗವಸು ಹಾಕ್ತಾರಾ, ಪೆನ್ನಿ?"

ಹದಿನೇಳನೆಯ ಕೋಣೆಯಲ್ಲಿ ಬಾಟಲಿಯ ಮೂತಿ ಕಟ್ಟಿಕೊಂಡಿತು. ಅವಳು ತಿರುಗಿಸಿ ಬಿಚ್ಚುವಾಗ ಅದು ಮುಖಕ್ಕೇ ಚಿಮ್ಮಿತು. ಪಕ್ಕದ ಕೋಣೆಯಲ್ಲಿ ಹಾಸಿಗೆ ಹಾಸುತ್ತಿದ್ದ ನಾನು ಕೂಗು ಕೇಳಿ ಓಡಿದೆ. ನಮ್ಮೂರಲ್ಲಿ ಉಣುಗು ಹೋಗಲೆಂದು ಕುರಿಗಳನ್ನು ಔಷಧಿ ನೀರಿನಲ್ಲಿ ಅದ್ದುವಾಗ ಅದು ಯಾವನಾದರೂ ಆಳಿನ ಕಣ್ಣಿಗೆ ಸಿಡಿದರೆ, ಅಪ್ಪ ಅವನ ತಲೆ ಹಿಡಿದು ಹೊಳೆಗೇ ಮುಳುಗಿಸುತ್ತಿದ್ದ. ನಾನೂ ಅವಳ ತಲೆಯನ್ನು ನಲ್ಲಿಯ ಕೆಳಗೆ ಒತ್ತಿ, ಬೆರಳಿನಿಂದ ರೆಪ್ಪೆ ಅಗಲಿಸಿ ನೀರು ಬಿಟ್ಟೆ. ಅವಳು ಉಗುರಿನಿಂದ ನನ್ನ ತೋಳು ಬಗೆದಳು. ನಾನು ಬಿಡಲಿಲ್ಲ.

ಅಷ್ಟರಲ್ಲಿ ಡೋರೀನ್ ಬಂದಳು. ಅದೇ ಊರಿನ ಹೆಂಗಸು, ಅರವತ್ತು ದಾಟಿತ್ತು, ಹನ್ನೊಂದು ವರ್ಷದಿಂದ ಅಲ್ಲಿ ಕೋಣೆ ಗುಡಿಸುತ್ತಿದ್ದಳು. ಪೆರಿಜಾತ್‌ಳನ್ನು ಅವಳ ಕೈಗೆ ಒಪ್ಪಿಸಿ ನಾನು ಗ್ಯಾರೆಟ್‌ನ ಬಳಿಗೆ ಓಡಿದೆ.

"ಆಂಬುಲೆನ್ಸ್ ಕರೀರಿ."

ಅವನು ಫೋನಿನ ಮೇಲೆ ಅಂಗೈ ಇಟ್ಟ. "ತೊಳ್ಕೊಂಡು ಮಲಗ್ಲಿ. ಮೂರು ಗಂಟೆಗೆ ಜನ ಬರ್ತಾರೆ, ಅವರ ಮುಂದೆ ಸೈರನ್ ಕೂಗಿಸ್ತೀಯಾ?"

"ಅವಳಿಗೆ ಕಣ್ಣು ಬಿಡೋಕಾಗ್ತಿಲ್ಲ."

"ನೀನು ಫೋನ್ ಮುಟ್ಟಿದ್ರೆ ನಾಳೆ ಇಬ್ರೂ ವಿಮಾನದಲ್ಲಿರ್ತೀರ."

ಮೇಜಿನ ಮೇಲಿದ್ದ ಗಾಜಿನ ಹೂದಾನಿಯನ್ನು ಅವನ ತಲೆಗೆ ಅಪ್ಪಳಿಸದೆ ಹೇಗೆ ಹೊರಬಂದೆನೋ ತಿಳಿಯದು. ಡೋರೀನ್ ಆಗಲೇ ಪೆರಿಜಾತ್‌ಳನ್ನು ತನ್ನ ಹಳೆಯ ಕಾರಿನಲ್ಲಿ ಕೂರಿಸಿದ್ದಳು.

"ಹತ್ತು ಬೇಗ. ಅವನ ಅಪ್ಪಣೆ ಕಾಯ್ತಾ ಕೂತ್ರೆ ಹುಡುಗಿ ಕುರುಡಿಯಾಗ್ತಾಳೆ."

ಆಸ್ಪತ್ರೆಯಲ್ಲಿ ಒಂದು ಗಂಟೆ ಕಣ್ಣು ತೊಳೆದರು. ಬಿದ್ದದ್ದು ಏನೆಂದು ವೈದ್ಯೆಗೆ ತಿಳಿಯಬೇಕಿತ್ತು. ಅವಳು ಹೋಟೆಲಿಗೆ ಫೋನ್ ಮಾಡಿದರೆ ಗ್ಯಾರೆಟ್, "ನಂಗೇನ್ ಗೊತ್ತು, ಹುಡುಗೀರು ಏನೇನು ಬೆರೆಸ್ಕೊಂಡ್ರೋ" ಎಂದನಂತೆ. ಡೋರೀನ್ ಮತ್ತು ನಾನು ಕೂಡಲೇ ಹೋಟೆಲಿಗೆ ವಾಪಸು ಹೋದೆವು. ಒಗೆಯುವ ಕೋಣೆಯಲ್ಲಿ ಕ್ಯಾನು ಇರಲಿಲ್ಲ.

ಹಿಂದುಗಡೆ ನನ್ನೆತ್ತರದ ಕಬ್ಬಿಣದ ಕಸದ ತೊಟ್ಟಿಯಿತ್ತು. ಅದರೊಳಗೆ ಇಳಿದೆ. ಏಡಿ ಚಿಪ್ಪು, ಕಾಫಿ ಚರಟ, ಮಕ್ಕಳ ಹೇಲಿನ ಡಯಪರು, ಎಲ್ಲವನ್ನೂ ಕೈಯಲ್ಲೇ ಬಗೆದೆ. ಕ್ಯಾನು ತಳದಲ್ಲಿತ್ತು. ಉಳಿದಿದ್ದ ಚೀಟಿಯಲ್ಲಿ ಮೂರು ಸಾಲು. ಕಟ್ಟಿಕೊಂಡ ಕೊಳವೆ ಬಿಡಿಸುವ ಕ್ಷಾರ. ಚರ್ಮ, ಕಣ್ಣು ಸುಡುತ್ತದೆ. ಕೈಗವಸು, ಕನ್ನಡಕವಿಲ್ಲದೆ ಮುಟ್ಟಬೇಡಿ. ತಲೆಯೆತ್ತಿದರೆ ಮೇಲಿನ ಕಿಟಕಿಯಲ್ಲಿ ಗ್ಯಾರೆಟ್ ನಿಂತು ನೋಡುತ್ತಿದ್ದ. ನಾನು ಕ್ಯಾನನ್ನು ಎರಡೂ ಕೈಯಲ್ಲಿ ಮೇಲೆತ್ತಿ ಅವನಿಗೆ ತೋರಿಸಿದೆ.

ಡೋರೀನ್ ಅಲ್ಲಿಂದಲೇ ವೈದ್ಯೆಗೆ ಫೋನ್ ಮಾಡಿ ಚೀಟಿ ಓದಿ ಹೇಳಿದಳು. ಸಂಜೆಯೊಳಗೆ ನಮ್ಮ ಪೆಟ್ಟಿಗೆಗಳು ರಸ್ತೆಯಲ್ಲಿದ್ದವು. ಡೋರೀನ್‌ಳ ಕೆಲಸವೂ ಹೋಗಿತ್ತು. ನಮ್ಮನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. "ಇಷ್ಟು ವರ್ಷ ಅವನನ್ನ ಸರಿಯಾಗಿ ಬೈಯೋಕೂ ಪುರುಸೊತ್ತಿರ್ಲಿಲ್ಲ, ಈಗ ಸಿಕ್ತು" ಎಂದಳು.

ಅವಳ ಅಂಗಳದಿಂದ ಮೆಲಿಸ್ ಬಾಯ್ಕೆಗೆ ಫೋನ್ ಮಾಡಿದೆ.

"ಬುರುಲ್, ಸ್ವಲ್ಪ ತಗ್ಗಿ ನಡಿಯಮ್ಮಾ" ಎಂದ. "ಬರೋ ವರ್ಷ ಇನ್ನೂ ನಲವತ್ತು ಮಕ್ಕಳು ಆ ಊರಿಗೇ ಹೋಗ್ಬೇಕು. ನೀನೊಬ್ಳು ರಗಳೆ ಮಾಡಿ ಎಲ್ಲರ ದಾರಿ ಮುಚ್ಚಬೇಡ."

"ಬಾಯ್ಕೆ, ಅವಳ ಬಲಗಣ್ಣು ಹೋಗೋದ್ರಲ್ಲಿತ್ತು."

"ಹೋಗಿಲ್ವಲ್ಲ."

"ನಿಮ್ಮ ಮಗಳನ್ನ ಆ ಹೋಟೆಲಿಗೆ ಕಳಿಸ್ತೀರಾ?"

"ನನ್ನ ಮಗಳೇನು ಕಕ್ಕಸು ತೊಳೆಯೋಕೆ ಹುಟ್ಟಿದಾಳಾ?"

ಆಡಿದ ಮೇಲೆ ತನ್ನ ಮಾತು ತನಗೇ ಕೇಳಿಸಿತೇನೋ, ಫೋನ್ ಇಟ್ಟುಬಿಟ್ಟ.

ಕೆಲಸದ ಜಾಗಗಳ ಸುರಕ್ಷತೆ ನೋಡುವ ಸರ್ಕಾರಿ ಕಚೇರಿಯೊಂದಿದೆ ಎಂದು ಡೋರೀನ್ ಹೇಳಿದ್ದೇ ತಡ, ಕೂತು ದೂರು ಬರೆದೆ. ಪೆರಿಜಾತ್ ಸಹಿ ಹಾಕಲು ಒಪ್ಪಲಿಲ್ಲ. ಬ್ಯಾಂಡೇಜು ಕಟ್ಟಿದ ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು.

"ಬೇಡ ಕಣೇ. ಅಪ್ಪನಿಗೆ ಗೊತ್ತಾದ್ರೆ ಇನ್ನು ಮನೆಬಿಟ್ಟು ಎಲ್ಲೂ ಕಳಿಸಲ್ಲ. ಆಗಿದ್ದು ಆಗಿಹೋಯ್ತು."

"ಹಾಗಾದ್ರೆ ಇನ್ನೊಂದು ಕಣ್ಣನ್ನೂ ತಗೊಂಡೋಗಿ ಅವನಿಗೇ ಕೊಟ್ಟು ಬಾ" ಎಂದೆ.

ಹಾಗೆ ಅನ್ನಬಾರದಿತ್ತು. ಸಿಟ್ಟಿದ್ದದ್ದು ಗ್ಯಾರೆಟ್ ಮೇಲೆ, ಮೆಲಿಸ್ ಮೇಲೆ. ಕೈಗೆ ಸಿಕ್ಕವಳು ಅವಳು. ಒಂಬತ್ತು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕು ಗಂಟೆಗೊಮ್ಮೆ ಕಣ್ಣಿಗೆ ಹನಿ ಹಾಕುವವಳು ನಾನೇ. ಬಂದು ಎದುರಿಗೆ ಕೂತು ಮುಖ ಮೇಲೆತ್ತುವಳು, ಹಾಕಿಸಿಕೊಂಡು ಎದ್ದು ಹೋಗುವಳು. ದೂರನ್ನು ಡೋರೀನ್ ಮತ್ತು ನಾನೇ ಸಹಿ ಮಾಡಿ ಕಳಿಸಿದೆವು.

ಹತ್ತನೆಯ ದಿನ ತನಿಖಾಧಿಕಾರಿ ಡೋರೀನ್‌ಳ ಮನೆಗೆ ಬಂದ. ಆ ಮೊದಲು ಹೋಟೆಲಿಗೆ ಹೋಗಿಬಂದಿದ್ದ. ಗ್ಯಾರೆಟ್ ಕೊಟ್ಟ ಹೇಳಿಕೆಯನ್ನು ಓದಿ ಹೇಳಿದ. "ಪೆನ್ನಿಗೆ ಇಂಗ್ಲಿಷ್ ಬರುವುದಿಲ್ಲ. ಚೀಟಿಯಲ್ಲಿದ್ದದ್ದನ್ನು ಮೂರು ಸಲ ವಿವರಿಸಿದೆ. ಅವಳು ಸುಮ್ಮನೆ ತಲೆಯಾಡಿಸಿದಳು."

ಒಳಗೆ ಮಲಗಿದ್ದ ಪೆರಿಜಾತ್ ಬಾಗಿಲಿಗೆ ಬಂದು ನಿಂತಳು.

"ಏನಂದ? ಇನ್ನೊಂದ್ಸಲ ಓದಿ."

ಅವನು ಓದಿದ. ಅವಳ ಮುಖ ಕೆಂಪಗಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೇಜಿನ ಮೇಲಿದ್ದ ಕ್ಯಾನನ್ನು ಎತ್ತಿ ಎಡಗಣ್ಣಿನ ಹತ್ತಿರ ಹಿಡಿದು, ಆ ಮೂರು ಸಾಲುಗಳನ್ನು ಎಲ್ಲೂ ತಡವರಿಸದೆ ಓದಿದಳು, ಪರೀಕ್ಷೆಯಲ್ಲಿ ಓದುವ ಧ್ವನಿಯಲ್ಲಿ. "ನನ್ನ ಹೆಸರು ಪೆನ್ನಿ ಅಲ್ಲ, ಬರ್ಕೊಳ್ಳಿ" ಎಂದು ಒಂದೊಂದೇ ಅಕ್ಷರ ಹೇಳಿ ಬರೆಸಿದಳು. ಕಣ್ಣಿಗಾಗಿ ಬಾರದ ಸಿಟ್ಟು ಅವಳಿಗೆ ಇಂಗ್ಲಿಷಿಗಾಗಿ ಬಂತು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವತ್ತು ಎರಡು ಗಂಟೆ ಕೂತು ಎಲ್ಲವನ್ನೂ ಹೇಳಿ ಕೆಳಗೆ ಸಹಿ ಹಾಕಿದಳು.

ಗ್ಯಾರೆಟ್‌ಗೆ ದಂಡ ಬಿತ್ತು, ಆಸ್ಪತ್ರೆಯ ಖರ್ಚೂ ಅವನ ತಲೆಗೇ ಬಂತು. ಅಷ್ಟೇ. ಹೋಟೆಲು ಮುಚ್ಚಲಿಲ್ಲ. ಅವನ ಬಾಯಿಂದ ಒಂದು ತಪ್ಪಾಯಿತು ಎಂಬ ಮಾತೂ ಹೊರಡಲಿಲ್ಲ. ನಾವು ಐಸ್‌ಕ್ರೀಂ ಅಂಗಡಿಯೊಂದರಲ್ಲಿ ದುಡಿದು ಆಗಸ್ಟ್ ಕಳೆದೆವು. ಕೊನೆಯ ವಾರ ಬಸ್ಸು ಹತ್ತಿ ಉತ್ತರದ ದೊಡ್ಡ ಜಲಪಾತ ನೋಡಲು ಹೋದೆವು. ಕಟಕಟೆ ಹಿಡಿದು ನಿಂತ ಪೆರಿಜಾತ್ ಒಂದೊಂದೇ ಕಣ್ಣು ಮುಚ್ಚಿ ನೋಡಿದಳು.

"ಎಡಗಣ್ಣಿಗೆ ನೀರು ಕಾಣ್ತಿದೆ. ಬಲಗಣ್ಣಿಗೆ ಬರೀ ಹಾಲು" ಎಂದಳು.

ಸುತ್ತ ಸಾವಿರ ಜನ ಫೋಟೋ ತೆಗೆಯುತ್ತಿದ್ದರು. ನಾನು ಜಲಪಾತಕ್ಕೆ ಬೆನ್ನು ಮಾಡಿ ನಿಂತೆ.

ಬಿಷ್ಕೆಕ್‌ಗೆ ಮರಳಿದ ಮೇಲೆ, ಅಕ್ಟೋಬರಿನಲ್ಲಿ ಮೆಲಿಸ್ ಹೊಸ ವಿದ್ಯಾರ್ಥಿಗಳನ್ನು, ಅವರ ಹೆತ್ತವರನ್ನು ಸೇರಿಸಿ ಸಭೆ ಮಾಡಿದ. ನಮ್ಮನ್ನು ಕರೆದಿರಲಿಲ್ಲ. ಹೋದೆವು. ಪೆರಿಜಾತ್ ಎದ್ದು ನಿಂತು ಮೊದಲಿಂದ ಕೊನೆಯವರೆಗೆ ಹೇಳಿದಳು. ಮುಂದಿನ ಸಾಲಿನ ತಾಯಿಯೊಬ್ಬಳು ಮೆಲಿಸ್‌ನತ್ತ ತಿರುಗಿ, "ಆ ಹೋಟೆಲಿಗೆ ಈ ಸಲವೂ ಕಳಿಸ್ತೀರಾ?" ಎಂದು ಕೇಳಿದಳು.

"ಛೆ, ಅದನ್ನ ಆವಾಗ್ಲೇ ತೆಗೆದುಹಾಕಿದೀವಿ."

ಹೋಟೆಲುಗಳ ಪಟ್ಟಿ ಅವನ ಮುಂದೆಯೇ ಇತ್ತು. ಕಿತ್ತುಕೊಂಡು ಓದಿದೆ. ನಾಲ್ಕನೆಯ ಹೆಸರು ಅದೇ.

"ಮಕ್ಕಳ ಮುಂದೆ ನನ್ನ ಮರ್ಯಾದೆ ತೆಗಿತಿದೀಯಲ್ಲ, ನಿನಗೆ ನಾಚಿಕೆ ಆಗಲ್ವಾ?" ಎಂದ ಮೆಲಿಸ್.

"ಇಲ್ಲ ಬಾಯ್ಕೆ, ಆಗಲ್ಲ."

ಆರೇಳು ಜನ ಎದ್ದು ಹೋದರು. ಉಳಿದವರು ಕೂತೇ ಇದ್ದರು. ಒಬ್ಬ ಹುಡುಗಿ ಮೆಲ್ಲಗೆ, "ಸಮುದ್ರ ಹೇಗಿತ್ತು, ಎಜೆ?" ಎಂದು ಕೇಳಿದಳು. ಅಕ್ಕ ಎಂದು ಕರೆದವಳ ಕೆನ್ನೆಗೆ ಬಾರಿಸೋಣ ಅನ್ನಿಸಿತು ನನಗೆ. ಪೆರಿಜಾತ್ ನನ್ನ ಮೊಣಕೈ ಹಿಡಿದಳು.

"ಚೆನ್ನಾಗಿತ್ತು. ಹೋಗು, ನೋಡು" ಎಂದಳು. "ಆದ್ರೆ ನಮ್ಮ ನಂಬರ್ ಬರ್ಕೊಂಡು ಹೋಗು."

ಇಡೀ ಸಭೆ ಬರೆದುಕೊಂಡಿತು. ಮರುವರ್ಷದ ಬೇಸಿಗೆಯಲ್ಲಿ ಏಳು ಜನ ಫೋನ್ ಮಾಡಿದರು. ಒಬ್ಬಳ ಪಾಸ್‌ಪೋರ್ಟನ್ನು ಮಾಲೀಕ ಬೀರುವಿನಲ್ಲಿ ಇಟ್ಟುಕೊಂಡಿದ್ದ. ಡೋರೀನ್ ಮೂರು ಗಂಟೆ ಕಾರು ಓಡಿಸಿಕೊಂಡು ಹೋಗಿ ಬಿಡಿಸಿಕೊಂಡು ಬಂದಳು. ಮೆಲಿಸ್ ಈಗ ದೊಡ್ಡ ಬೀದಿಯಲ್ಲಿ ಎರಡನೆಯ ಕಚೇರಿ ತೆರೆದಿದ್ದಾನೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ನಾನು ಒಳಗೆ ಹೋಗಿ, ಸರದಿಯಲ್ಲಿ ಕೂತವರಿಗೆ ನಂಬರು ಕೊಟ್ಟು ಬರುತ್ತೇನೆ.