ಸುಕುಮಾರನ ಆರೋಗ್ಯಕ್ಕೆ ನೂರಕ್ಕೆ ನೂರು

ಎಲ್ಲಿಂದ ಶುರು ಮಾಡಲಿ? ಜೈಲಿನ ಗೇಟಿನಿಂದ ಮಾಡಿದರೆ ನೀವು ಮುಖ ಗಂಟು ಹಾಕಿಕೊಂಡು ಓದುತ್ತೀರಿ. (ಹಾಗೊಂದು ಡ್ರಾಫ್ಟ್ ಬರೆದು ಹರಿದೆ. ಅದರಲ್ಲಿ ಮರುಭೂಮಿಯ ಸೂರ್ಯಾಸ್ತ ಬೇರೆ ಇತ್ತು, ನಾಚಿಕೆಗೇಡು.) ಕುವೈತಿನ ರಿಗ್ಗೈಯಲ್ಲಿರುವ ಶಮೀಲಾಳಿಂದ ಶುರು ಮಾಡುತ್ತೇನೆ.

೧

ಕೈದಿಗಳ ಆರೋಗ್ಯ ಅವರ ಬದುಕನ್ನು ಎಷ್ಟು ಹಗುರ, ಎಷ್ಟು ಭಾರ ಮಾಡಿದೆ ಎಂದು ಅಳೆಯುವ ಸರ್ವೆಯೊಂದರಲ್ಲಿ ಶಮೀಲಾಳಿಗೆ ಕೆಲಸ. ನಮ್ಮ ಕಡೆಯವರನ್ನು ಮಾತಾಡಿಸುವುದು ಅವಳ ಪಾಲಿಗೆ. ಅಲ್ಲಿಯ ಒಂದು ಜೈಲಿನ ಕ್ಲಿನಿಕ್ಕಿನಲ್ಲಿ ಅವಳೆದುರು ಸುಕುಮಾರ ಕೂತಿದ್ದಾನೆ, ಮೊದಲು ಸಬ್ಹಾನಿನ ಫ್ಯಾಕ್ಟರಿಗಳ ನಡುವಿನ ಕ್ಯಾಂಟೀನಿನಲ್ಲಿ ಅಡುಗೆಯವನಾಗಿದ್ದವನು. ಉತ್ತರಗಳಿಗೆ ನೂರರಲ್ಲಿ ಅಂಕ; ತೀರಾ ಕಡಿಮೆ ಬಂದವರನ್ನು ಮೂಳೆ ಡಾಕ್ಟರು ನೋಡುತ್ತಾರೆ. ಅವನು ಕುಂಟುತ್ತಾ ಬಂದದ್ದನ್ನು ಶಮೀಲಾ ನೋಡಿದ್ದಾಳೆ.

"ಮೆಟ್ಟಿಲು ಹತ್ಲಿಕ್ಕೆ ಕಷ್ಟ ಆಗ್ತದಾ, ಸುಕುಮಾರಣ್ಣ?"

"ಇಲ್ಲಿ ಮೆಟ್ಟಿಲೇ ಇಲ್ಲ ಮೇಡಂ. ಆರಾಮ."

"ಅಂಗಡಿಯಿಂದ ಸಾಮಾನು ಹೊತ್ತು ತರ್ಲಿಕ್ಕೆ?"

"ಅಂಗಡಿಗೆ ಬಿಟ್ರೆ ತರ್ತೇನೆ. ಆರಾಮ."

"ನಿದ್ದೆ?"

"ಫಸ್ಟ್ ಕ್ಲಾಸ್."

ನೂರಕ್ಕೆ ನೂರು. ಜೈಲಿನ ಡಾಕ್ಟರಿಗೂ ಇಷ್ಟು ಬರಲಿಕ್ಕಿಲ್ಲ.

೨

(ಅವನು ಜೈಲಿಗೆ ಯಾಕೆ ಬಂದ? ಬರೆಯಲು ಹೊರಟೆ. ಸುಕುಮಾರ ತಡೆದ: "ಸರ್ವೆಯವರೇ ಕೇಳ್ಲಿಲ್ಲ, ನಿಮಗೆಂತಕ್ಕೆ?" ಖಲಾಸ್. ಅದಕ್ಕೆಂದು ಇಟ್ಟಿದ್ದ ಮೂರನೆಯ ಭಾಗ ರದ್ದು.)

೪

ಈ 'ಆರಾಮ' ಶಮೀಲಾಳಿಗೆ ಚೆನ್ನಾಗಿ ಗೊತ್ತು. ಗಲ್ಫಿಗೆ ಬಂದವರೆಲ್ಲ ಊರಿಗೆ ಫೋನ್ ಮಾಡಿದಾಗ ಆಡುವ ಮಾತದು. ಜ್ವರ ಬಂದು ಕಂಬಳಿಯೊಳಗೆ ನಡುಗುತ್ತಿದ್ದರೂ ಆರಾಮ. ಮೊನ್ನೆ ಅವಳೇ ತಾಯಿಗೆ ಹಾಗೆ ಹೇಳಿದ್ದಳು. ಊರಿನ ಮಾತು ಕಿವಿಗೆ ಬಿದ್ದದ್ದೇ ತಡ, ಸುಕುಮಾರನೂ ಹೆಂಡತಿಗೆ ಹೇಳುವ ಉತ್ತರಗಳನ್ನೇ ಹೇಳುತ್ತಿದ್ದಾನೆ.

ಅವಳು ಪೆನ್ನು ಕೆಳಗಿಟ್ಟಳು. "ಸುಕುಮಾರಣ್ಣ, ಊರಿನವರು ಫೋನ್ ಇಟ್ರು. ಇನ್ನು ನನ್ನ ಹತ್ರ ಹೇಳಿ."

ಅವನು ನಕ್ಕುಬಿಟ್ಟ. "ಇಟ್ರಾ? ಮೊಣಕಾಲು ಮಡಚ್ಲಿಕ್ಕೆ ಆಗುದಿಲ್ಲ ಮೇಡಂ. ಕಕ್ಕಸಿನಲ್ಲಿ ಕೂತ್ರೆ ಏಳ್ಲಿಕ್ಕೆ ಗೋಡೆ ಹಿಡೀಬೇಕು. ನಿದ್ದೆ ಎಲ್ಲಿಂದ ಬರ್ತದೆ?"

ಹೇಳುತ್ತಾ ಹೇಳುತ್ತಾ ಅವನಿಗೆ ಹುರುಪೇ ಬಂತು. ಅಂಕ ದಡದಡ ಇಳಿದಷ್ಟೂ ಇಬ್ಬರಿಗೂ ನಗು. ಮೂಳೆ ಡಾಕ್ಟರಿಗೆ ಚೀಟಿ ಸಿಕ್ಕಿತು. ನನಗೂ ಬಹಳ ಸಂತೋಷವಾಯಿತು. ಇಲ್ಲಿಗೇ ಮುಗಿಸಬಹುದಿತ್ತು.

೫

ಆದರೆ ಸುಕುಮಾರ ನನ್ನನ್ನು ಹಿಡಿದ. "ನಾಲ್ಕನೇ ಭಾಗ ತೆಗೀರಿ ಮಾರಾಯ್ರೆ. ನನ್ನ ಹೆಂಡ್ತಿ ಕುಸುಮಾವತಿ ಕಥೆ ಓದ್ತಾಳೆ."

"ತೆಗೆದರೆ ನಿಮ್ಮ ಡಾಕ್ಟರೂ ಹೋಗ್ತಾರೆ."

"ಹಾಗಾದ್ರೆ ಎರಡು ಕಥೆ ಮಾಡಿ."

ಮಾಡಿದೆ. ಡಾಕ್ಟರಿಗೆ ಪೂರ್ತಿ ಪ್ರತಿ, ಕುಸುಮಾವತಿಗೆ ಒಂದನೆಯ ಭಾಗದಲ್ಲೇ ಮುಗಿಯುವ ಪ್ರತಿ. ಅದರಲ್ಲಿ ಕುಂಟುವ ಸಾಲೂ ಇಲ್ಲ. (ಇನ್ನೊಂದು ಅಂತ್ಯವೂ ಇತ್ತು. ಬಿಡುಗಡೆಯಾದ ಸುಕುಮಾರ ಓಡೋಡಿ ವಿಮಾನ ಹತ್ತುತ್ತಾನೆ. "ಆ ಕಾಲಲ್ಲಿ?" ಎಂದು ಶಮೀಲಾ ಅದನ್ನು ಹೊಡೆದುಹಾಕಿದಳು.)

೬

ಕುಸುಮಾವತಿ ತನ್ನ ಪ್ರತಿ ಓದಿ ನನ್ನನ್ನು ಕೇಳಿದಳು: "ಅವರ ಮೊಣಕಾಲು ನನಗೆ ಗೊತ್ತಿಲ್ವಾ? ಊರಿಗೆ ಬಂದಾಗೆಲ್ಲ ಎಣ್ಣೆ ತಿಕ್ಕಿದ್ದು ನಾನೇ. ಅಲ್ಲಿ ಯಾರು ತಿಕ್ತಾರೆ?"

ಸರ್ವೆಯಲ್ಲಿ ಈ ಪ್ರಶ್ನೆಯೇ ಇಲ್ಲ. ನಾನು ಗಡಿಬಿಡಿಯಲ್ಲಿ ಬಾಯಿಗೆ ಬಂದ ಹೆಸರು ಹೇಳಿದೆ: "ಪಕ್ಕದ ಮಂಚದ ಹಸನಬ್ಬ."

"ಹೌದಾ? ಅವರ ಕೈ ಬಿಸಿ ಉಂಟಾ?"

ಹಸನಬ್ಬನ ಕೈ ನಾನಿನ್ನೂ ಬರೆದಿಲ್ಲ.