ಏಜೆಂಟರ ಸೋಮವಾರ

ಶಿವಮೊಗ್ಗದಿಂದ ಬಂದ ಲೇಬರ್ ಇನ್‌ಸ್ಪೆಕ್ಟರು ಹೊಸನಗರದ ಬಸ್ ಆಫೀಸಿನ ಬೆಂಚಿನ ಮೇಲೆ ಕೂತು, ಹೊಸ ಕಾನೂನಿನ ಪ್ರಕಾರ ಬುಕಿಂಗ್ ಕ್ಲಾರ್ಕು ಕೂಡ ಕಾರ್ಮಿಕನೇ ಎಂದು ಹೇಳಿದಾಗ ವಾಸಪ್ಪನಿಗೆ ಮೊದಲು ಆದದ್ದು ಸಂತೋಷವಲ್ಲ, ಅವಮಾನ.

ಊರು ಅವನನ್ನು ‘ಏಜೆಂಟ್ರೇ’ ಎಂದೇ ಕರೆಯುತ್ತಿತ್ತು. ಅವನು ಕೋಟು ಹಾಕಿಕೊಂಡು ಕಿಟಕಿಯ ಹಿಂದೆ ಕೂರುವವನು. ಹಿಂದಿನ ವರ್ಷ ಡ್ರೈವರು ಕಂಡಕ್ಟರುಗಳು ವಾರದ ರಜೆ ಬೇಕೆಂದು ಬಸ್ಸು ನಿಲ್ಲಿಸಿದಾಗ ಅವರ ಅರ್ಜಿಗೆ ಅವನು ಸಹಿ ಹಾಕಿರಲಿಲ್ಲ. “ಅದು ನಿಮ್ಮ ವಿಷಯ ಮಾರಾಯ್ರಾ, ಆಫೀಸಿನೋರಿಗೆ ಅದೆಲ್ಲ ಸರಿಯಾಗಲ್ಲ” ಎಂದಿದ್ದ. ಅವರಿಗೆ ರಜೆ ಸಿಕ್ಕಿತು. ಆಫೀಸಿನವನಿಗೆ ಮರ್ಯಾದೆ ಉಳಿಯಿತು. ಮರ್ಯಾದೆಯನ್ನು ಹಾಸಿಕೊಂಡು ಮಲಗಲು ಬರುವುದಿಲ್ಲ.

ಬಸ್ಸಿನ ಸಾಹುಕಾರರು ಆ ದಿನ ತೀರ್ಥಹಳ್ಳಿಯಿಂದ ಅಲ್ಲಿಗೇ ಬಂದಿದ್ದರು. ಇನ್‌ಸ್ಪೆಕ್ಟರ ಮಾತು ಕೇಳಿ ನಕ್ಕರು.

“ಕಾರ್ಮಿಕ ಎಂತ ಸ್ವಾಮೀ, ನಮ್ಮನೆಯವನೇ ಅವನು. ಬಸ್ಸು ಬಂದ್ರೆ ಕೆಲಸ, ಹೋದ್ರೆ ವಿಶ್ರಾಂತಿ. ನೆರಳಲ್ಲಿ ಕುರ್ಚಿ ಹಾಕ್ಕೊಟ್ಟಿದೀನಿ. ಕೂತವರಿಗೆಲ್ಲ ಓವರ್‌ಟೈಮ್ ಅಂದ್ರೆ ದೇವಸ್ಥಾನದ ಬಸವಣ್ಣಂಗೂ ಕೊಡ್ಬೇಕಾಗ್ತದೆ.”

ಇನ್‌ಸ್ಪೆಕ್ಟರು ನಗಲಿಲ್ಲ. “ಬಸ್ಸು ಹೋದ್ಮೇಲೆ ಅವರು ಮನೆಗೆ ಹೋಗ್ಬಹುದಾ?”

“ಹೋದ್ರೆ ಆಫೀಸು ಯಾರು ನೋಡ್ಕೊಳ್ತಾರೆ?”

“ಹಾಗಾದ್ರೆ ಅದೂ ಕೆಲಸವೇ. ದಿನಕ್ಕೆ ಎಂಟು ಗಂಟೆ. ಮೇಲಾದದ್ದಕ್ಕೆ ಎರಡರಷ್ಟು ಸಂಬಳ. ವಾರಕ್ಕೊಂದು ದಿನ ರಜೆ. ಮುಂದಿನ ತಿಂಗಳು ಮತ್ತೆ ಬರ್ತೀನಿ. ನಿಮ್ಮನ್ನಲ್ಲ, ಅವರನ್ನೇ ಕೇಳ್ತೀನಿ.”

ಇನ್‌ಸ್ಪೆಕ್ಟರು ಹೋದ ಮೇಲೆ ಸಾಹುಕಾರರು ವಾಸಪ್ಪನ ಹೆಗಲ ಮೇಲೆ ಕೈಯಿಟ್ಟರು. ಓವರ್‌ಟೈಮಿನ ವಿಷಯ ನೋಡೋಣ ಎಂದರು. “ರಜೆ ಬೇಕಾದ್ರೆ ಸೋಮವಾರ ತಗೋ. ಬದಲಿ ಜನ ಎಲ್ಲಿಂದ ತರ್ಲಿ ನಾನು? ಕೀಲಿಕೈ ನಿನ್ ಹತ್ರಾನೇ ಇರ್ಲಿ.”

ಆ ಮಾತಿನೊಳಗಿನ ಕೊಕ್ಕೆ ವಾಸಪ್ಪನಿಗೆ ತಿಳಿದದ್ದು ಸೋಮವಾರ ಬಂದ ಮೇಲೆ.

ಆ ಊರಿನಲ್ಲಿ ಬಸ್ಸೆಂದರೆ ಬರೀ ಜನ ಹತ್ತಿ ಇಳಿಯುವ ಗಾಡಿಯಲ್ಲ. ಸಾಗರದಿಂದ ಪೇಪರಿನ ಕಟ್ಟು, ತೀರ್ಥಹಳ್ಳಿಯಿಂದ ಔಷಧಿ, ಮದುವೆಮನೆಯ ಹೂವಿನ ಬುಟ್ಟಿ, ‘ನಾಳೆ ಬರೂದಿಲ್ಲ ಅಂತ ನಮ್ಮಣ್ಣಂಗೆ ಹೇಳ್ಬಿಡಿ’ ಎಂಬ ಬಾಯಿಮಾತು, ಎಲ್ಲವೂ ಅದರಲ್ಲೇ ಬರಬೇಕು, ಅದರಲ್ಲೇ ಹೋಗಬೇಕು. ಎಲ್ಲವೂ ಏಜೆಂಟರ ಕಿಟಕಿಯನ್ನು ಹಾದೇ ಹೋಗಬೇಕು. ಅದು ಯಾರ ಕೆಲಸವೆಂದು ಯಾರೂ ಕೇಳಿರಲಿಲ್ಲ. ಅದಕ್ಕೆ ಸಂಬಳವಿದೆಯೇ ಎಂದಂತೂ ಏಜೆಂಟರೂ ಕೇಳಿರಲಿಲ್ಲ.

ಮೊದಲ ಸೋಮವಾರ ಹಾಸಿಗೆ ಬಿಡುವ ಮುಂಚೆಯೇ ಹೂವಮ್ಮ ಅಂಗಳಕ್ಕೆ ಬಂದಿದ್ದಳು. ಅವಳ ಗಂಡನಿಗೆ ದಮ್ಮು.

“ಏಜೆಂಟ್ರೇ, ನಮ್ಮನೆಯವರ ಔಷಧಿ ಇವತ್ತಿನ ಬಸ್ಸಿಗೇ ಬರ್ತದೆ. ಆಫೀಸಿಗೆ ಬೀಗ. ಯಾರು ಇಳಿಸ್ಕೊಳ್ಳೂದು?”

ಔಷಧಿಯೊಂದನ್ನು ಇಳಿಸಿಕೊಟ್ಟು ಬರುತ್ತೇನೆಂದು ಹೋದ. ಬೀಗ ತೆಗೆದದ್ದೇ ಕಿಟಕಿಯೊಳಗೆ ಕೈಗಳು ಬಂದವು. ಮನೆಗೆ ಮರಳಿದಾಗ ದೀಪ ಹಚ್ಚುವ ಹೊತ್ತು.

“ಹೆಂಗಿತ್ತು ರಜೆ?” ಎಂದಳು ಹೆಂಡತಿ ಯಮುನಮ್ಮ.

ಎರಡನೆಯ ಸೋಮವಾರವೂ ಹಾಗೇ ಆಯಿತು. ಸಾಹುಕಾರರು ಒಂದು ಮಾತನ್ನೂ ಆಡಬೇಕಾಗಿ ಬರಲಿಲ್ಲ. ಅವರ ಪರವಾಗಿ ಇಡೀ ಊರು, ಪಾಪದ ಊರು, ತನ್ನ ಕಷ್ಟಗಳನ್ನು ಹೊತ್ತುಕೊಂಡು ಬಂದು ಅವನ ಬಾಗಿಲು ತಟ್ಟುತ್ತಿತ್ತು. ಬಡವನ ರಜೆಯನ್ನು ಬಡವನ ಕೈಯಿಂದಲೇ ಕಸಿದುಕೊಳ್ಳುವುದು ಉಳ್ಳವರು ಕಲಿತ ಹಳೆಯ ವಿದ್ಯೆ.

ಆ ಸಂಜೆ ವಾಸಪ್ಪ ಜಗಲಿಯಲ್ಲಿ ಕಾಲು ನೀಡಿಕೊಂಡು ಕೂತ. ಪಾದಗಳು ಊದಿದ್ದವು. ಯಮುನಮ್ಮ ಬಿಸಿನೀರಿನ ಪಾತ್ರೆಯನ್ನು ತಂದು ಕುಕ್ಕಿದಳು.

“ನಿಮಗಾದ್ರೂ ಇನ್‌ಸ್ಪೆಕ್ಟರು ಬಂದ್ರು. ಈ ಒಲೆ ಬುಡಕ್ಕೆ ಯಾವ ಇನ್‌ಸ್ಪೆಕ್ಟರೂ ಬರಲ್ಲ. ಸಿಕ್ಕಿದ್ದನ್ನ ಉಳಿಸ್ಕೊಳ್ಳೋ ಯೋಗ್ಯತೆ ಇಲ್ಲ ನಿಮಗೆ.”

“ಔಷಧಿ ಅಂದ್ರೆ ಹೆಂಗೆ ಇಲ್ಲ ಅನ್ನೂದು?”

“ಔಷಧಿ ನಾನು ಇಳಿಸ್ಕೊಡ್ತೀನಿ, ಅದಕ್ಕೇನು ಕೋಟು ಬೇಕಾ? ನೀವು ಊರಲ್ಲಿದ್ರೆ ಊರು ಬಿಡಲ್ಲ. ಬರೋ ಸೋಮವಾರ ಎಲ್ಲಾದ್ರೂ ಹೋಗಿ ಬಿದ್ಕೊಳ್ಳಿ.”

ಮೂರನೆಯ ಸೋಮವಾರ ಅವನು ತೀರ್ಥಹಳ್ಳಿಯ ಬಸ್ಸು ಹತ್ತಿದ. ತುಂಗೆಯ ದಂಡೆಯ ಕಲ್ಲಿನ ಮೇಲೆ ಟವೆಲ್ ಹಾಸಿ ಸಂಜೆಯವರೆಗೆ ಮಲಗಬೇಕು, ಅಷ್ಟೇ. ಬೇರೇನೂ ಬೇಕಿರಲಿಲ್ಲ. ಡ್ರೈವರ್ ಮಾರಪ್ಪ ಕನ್ನಡಿಯಲ್ಲಿ ಅವನನ್ನು ನೋಡಿದ.

“ಏನು ಏಜೆಂಟ್ರೇ, ಟಿಕೇಟು ಕೊಡೋರೇ ಟಿಕೇಟು ತಗೊಂಡ್ರಾ?”

“ರಜೆ, ಮಾರಪ್ಪ.”

“ಹೋದ್ವರ್ಷ ಬೇಡ ಅಂದಿದ್ರಿ.”

“ಅಂದಿದ್ದೆ.”

ಮಾರಪ್ಪ ಮತ್ತೆ ಕೆಣಕಲಿಲ್ಲ. ದಾರಿಯಲ್ಲಿ ಸಿಗುವ ನಗರವೆಂಬ ಊರಿನ ಕೋಟೆ ದಾಟುವಷ್ಟರಲ್ಲಿ ವಾಸಪ್ಪನ ತಲೆ ಕಿಟಕಿಯ ಸರಳಿಗೆ ಬಡಿಯುತ್ತಿತ್ತು. ಬಡಿದರೂ ಎಚ್ಚರವಾಗಲಿಲ್ಲ.

ತೀರ್ಥಹಳ್ಳಿಯಲ್ಲಿ ಇಳಿದು ನದಿಯ ಕಡೆ ತಿರುಗುವ ಮುಂಚೆ ಅಲ್ಲಿನ ಬಸ್ ಆಫೀಸಿಗೆ ಇಣುಕಿದ. ಅಲ್ಲಿಯ ಕ್ಲಾರ್ಕು ಗಜಾನನ, ಸಾಗರದ ಕಡೆಯ ಹವ್ಯಕರ ಹುಡುಗ, ತಲೆಗೆ ಮಫ್ಲರ್ ಸುತ್ತಿಕೊಂಡು ಟಿಕೇಟು ಹರಿಯುತ್ತಿದ್ದ. ಏಪ್ರಿಲ್ ಸೆಖೆಯಲ್ಲಿ ಅವನ ಹಲ್ಲು ಕಟಕಟ ಎನ್ನುತ್ತಿತ್ತು.

“ವಾಸಪ್ಪಣ್ಣ, ಬಂದ್ಯಾ? ದೇವರು ಬಂದಾಂಗಾತು. ಇಲ್ಲಿ ಒಂಚೂರು ಕೂತ್ಕ, ಒಂದು ಗಳಿಗೆ ಒರಗ್ತೆ.”

“ಜ್ವರ ಇಟ್ಕೊಂಡು ಯಾಕೆ ಬಂದೆ? ರಜೆ ಕೇಳ್ಲಿಲ್ವಾ?”

“ಕೇಳಿದ್ದೆ.” ಗಜಾನನ ಕಣ್ಣು ಮುಚ್ಚಿಕೊಂಡೇ ಹೇಳಿದ. “ಸಾಹುಕಾರ್ರು ಎಂತ ಹೇಳಿದ್ರು ಗೊತ್ತಿದ್ದಾ? ‘ಹೊಸನಗರದ ವಾಸಪ್ಪಂಗೆ ಸೋಮವಾರ ಕೊಟ್ಟೆ, ಅವನೇ ಕೀಲಿ ಹಿಡ್ಕೊಂಡು ಓಡಿ ಬರ್ತಾನೆ. ಕೆಲಸ ಬಿಟ್ಟು ಇರೋಕಾಗಲ್ಲ ಅವನಿಗೆ. ಇನ್‌ಸ್ಪೆಕ್ಟರು ಬಂದ್ರೆ ಅದನ್ನೇ ಹೇಳ್ತೀನಿ. ನಿಂಗೊಬ್ಬಂಗೆ ಎಂತಕ್ಕೆ ರಜೆ?’ ಅಂದ್ರು.”

ಅವನ ದನಿಯಲ್ಲಿ ದೂರಿರಲಿಲ್ಲ. ಜ್ವರವಿತ್ತು ಅಷ್ಟೇ. ಅದೇ ವಾಸಪ್ಪನನ್ನು ಚುಚ್ಚಿತು. ತಾನು ಬಿಟ್ಟುಕೊಟ್ಟ ಎರಡು ಸೋಮವಾರಗಳು ತನ್ನವು ಮಾತ್ರ ಎಂದುಕೊಂಡಿದ್ದ. ಅವನ್ನು ಇಲ್ಲಿ ಈ ಹುಡುಗನ ತಲೆಯ ಮೇಲೆ ಹೇರಲಾಗಿತ್ತು. ಈಗ ಆ ಕಿಟಕಿಯ ಹಿಂದೆ ಕೂತರೆ ಮೂರನೆಯದೂ ಸಾಹುಕಾರರಿಗೇ ಸೇರುತ್ತದೆ. ಕೂರದೆ ನದಿಗೆ ಹೋದರೆ ಗಜಾನನ ಇಲ್ಲೇ ಬೀಳುತ್ತಾನೆ.

ವಾಸಪ್ಪ ಒಳಗೆ ಬಂದು ಬಾಗಿಲಿಗೆ ಅಗುಳಿ ಹಾಕಿದ. ಕಿಟಕಿಯ ಹಲಗೆಯನ್ನು ಕೆಳಗಿಳಿಸಿದ. ಗೋಣಿಚೀಲಗಳನ್ನು ನೆಲಕ್ಕೆ ಹರಡಿದ.

“ಮಲಗು.”

“ಸಾಗರದ ಬಸ್ಸು ಹೊರಡೂ ಹೊತ್ತಾತು.”

“ಬಸ್ಸಿಗೆ ಜ್ವರ ಇಲ್ಲ. ಮಲಗು ನೀನು.”

ಹೊರಗೆ ಹಲಗೆ ಬಡಿಯತೊಡಗಿತು. “ಯಾರ್ರೀ ಒಳಗೆ? ಟಿಕೇಟು ಕೊಡ್ರೀ.” “ಸಾಗರದಲ್ಲಿ ಮದುವೆ ಅದೆ ಮಾರಾಯ್ರೇ, ಧಾರೆ ಮುಗಿದ್ಮೇಲೆ ಹೋಗಿ ಎಲೆ ಎತ್ತೋದಾ ನಾವು?” ಎಷ್ಟು ಜನ, ಯಾವ ಊರಿಗೆ ಎಂದು ಬರೆದ ವೇಬಿಲ್ಲು ಆಫೀಸಿನಿಂದ ಕೈಗೆ ಬಾರದೆ ಬಸ್ಸು ಹೊರಡುವಂತಿಲ್ಲ. ಅದೇ ಗಾಡಿಯನ್ನು ಸಾಗರಕ್ಕೆ ತಿರುಗಿಸಿ ನಿಲ್ಲಿಸಿದ್ದ ಮಾರಪ್ಪ ಹಾರ್ನ್ ಹೊಡೆದ. ಮತ್ತೆ ಹೊಡೆದ. ಕೊನೆಗೆ ತಾನೇ ಬಂದು ಹಲಗೆಯ ಸಂದಿಗೆ ಬಾಯಿಟ್ಟ.

“ಎಂತ ಇದು ಏಜೆಂಟ್ರೇ?”

“ಗಜಾನನಂಗೆ ಜ್ವರ. ನಂಗೆ ರಜೆ.”

ಮಾರಪ್ಪ ದನಿ ತಗ್ಗಿಸಿದ. “ಸಾಹುಕಾರ್ರು ಊರಲ್ಲೇ ಅದಾರೆ. ಯಾರಾದ್ರೂ ಓಡಿ ಹೋಗಿ ಹೇಳ್ತಾರೆ ಈಗ.”

“ಹೇಳ್ಲಿ.”

ಮಾರಪ್ಪ ಹೋದ. ಎಂಜಿನ್ನಿನ ಗುರುಗುರು ನಿಂತಿತು. “ವೇಬಿಲ್ಲಿಲ್ದೆ ನಾನು ಗಾಡಿ ತೆಗೆಯಲ್ಲ, ಇಳೀರಿ, ನೆರಳಿಗೆ ಕೂತ್ಕೊಳ್ಳಿ” ಎಂದು ಅವನು ಜನರಿಗೆ ಹೇಳುವುದು ಕೇಳಿಸಿತು. ಜನ ಬೈದರು. ಅವರು ಬೈದದ್ದು ಏಜೆಂಟನನ್ನು. ಬದಲಿ ಆಳು ಇಡದ ಸಾಹುಕಾರರ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಆಮೇಲೆ ಹೊರಗಿನ ಗದ್ದಲ ಒಮ್ಮೆಲೇ ತಗ್ಗಿತು. ಸಾಹುಕಾರರ ದನಿ ಬಂತು. ಅವರು ಕೂಗಲಿಲ್ಲ, ಅದು ಅವರ ರೀತಿಯಲ್ಲ.

“ವಾಸಪ್ಪ, ಬಾಗಿಲು ತೆಗಿ.”

“ಇವತ್ತಿಲ್ಲ ಸಾಹುಕಾರ್ರೇ. ನಾಳೆ ನನ್ನೂರಿನ ಆಫೀಸು ಹೊತ್ತಿಗೆ ಸರಿಯಾಗಿ ತೆಗೀತೀನಿ.”

“ನಾಳೆ ನಿಂಗೆ ಆಫೀಸು ಇದ್ರೆ ತಾನೆ?”

ವಾಸಪ್ಪನಿಗೆ ಮನೆಬಾಡಿಗೆ ನೆನಪಾಯಿತು, ಯಮುನಮ್ಮನ ಮುಖ ನೆನಪಾಯಿತು. “ಇನ್‌ಸ್ಪೆಕ್ಟರು ಬಂದು ಸೋಮವಾರ ಏನು ಮಾಡ್ದೆ ಅಂತ ಕೇಳ್ತಾರೆ. ಮಲಗಿದ್ದೆ ಅಂತೀನಿ. ಸುಳ್ಳು ಹೇಳಕ್ಕಾಗಲ್ಲ, ಅದಕ್ಕೆ ಮಲಗ್ತಾ ಇದೀನಿ.”

ಹೊರಗೆ ಯಾರೋ ಕಿಸಕ್ಕೆಂದು ನಕ್ಕು ತಡೆದುಕೊಂಡರು. ಸಾಹುಕಾರರು ಹೋಗಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಅವರ ಪಾದರಕ್ಷೆಯ ನೆರಳು ಅಲ್ಲೇ ನಿಂತಿತ್ತು.

ಗಜಾನನ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ವಾಸಪ್ಪ ಕೋಟು ಬಿಚ್ಚಿ ಅವನ ಮೇಲೆ ಹೊದಿಸಿದ. ತಾನು ಪಕ್ಕದ ಗೋಣಿಯ ಮೇಲೆ ಒರಗಿದ. ಮೈಯ ಒಂದೊಂದು ಎಲುಬೂ ನೋಯುತ್ತಿತ್ತು. ನಿದ್ದೆ ಬರಲಿಲ್ಲ. ಅವನು ಏಳಲೂ ಇಲ್ಲ.