ಹನ್ನೆರಡನೇ ಕಟ್ಟಡ

ಲಿಫ್ಟ್ ನಾಲ್ಕನೇ ಮತ್ತು ಐದನೇ ಮಹಡಿಯ ನಡುವೆ ನಿಂತಿತ್ತು. ಒಳಗೆ ಒಬ್ಬರೇ ಇದ್ದಾರೆ ಎಂದು ಕಾವಲುಗಾರ ಹೇಳಿದ. ಇಂಥ ಹೊತ್ತಿನಲ್ಲಿ ಹೇಳಲೇಬೇಕಾದ ಎರಡು ಮಾತನ್ನು ನಾನು ಬಾಗಿಲಿಗೆ ಬಾಯಿ ಹಚ್ಚಿ ಹೇಳಿದೆ: "ಬಾಗಿಲ ಹತ್ತಿರ ಬರಬೇಡಿ. ಒಳಗೆ ಗಾಳಿ ಆಡುತ್ತೆ, ಉಸಿರಿಗೆ ತೊಂದರೆ ಇಲ್ಲ."

"ಉಸಿರಿಗೇನಾಗಿದೆ, ಮೀಟಿಂಗ್ ತಪ್ತಾ ಇದೆ. ನಿಧಾನಕ್ಕೇ ಮಾಡಿ," ಎಂದಿತು ಒಳಗಿನ ದನಿ.

ಮೇಲಿನ ಯಂತ್ರದ ಕೋಣೆಗೆ ಹೋಗಿ ಮುಖ್ಯ ಸ್ವಿಚ್ ಆರಿಸಿದೆ. ಬ್ರೇಕ್ ಸಡಿಲಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ, ಲಿಫ್ಟನ್ನು ಐದನೇ ಮಹಡಿಯ ಮಟ್ಟಕ್ಕೆ ತಂದೆ. ಕೆಳಗಿಳಿದು ಮೂರು ಮೂಲೆಯ ಕೀಲಿ ಹಾಕಿ ಬಾಗಿಲು ಸರಿಸಿದೆ. ಕಂಕುಳಲ್ಲಿ ಕಾಗದದ ಸುರುಳಿ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದವನು ನನ್ನ ಅಣ್ಣ. ಅವನನ್ನು ನೋಡಿ ಹನ್ನೊಂದು ವರ್ಷವಾಗಿತ್ತು.

"ನೀನಾ?" ಎಂದ. ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. "ನನ್ನನ್ನ ಉದ್ಧಾರ ಮಾಡೋಕೆ ನಿಮ್ಮ ಮನೆಯವರೇ ಬರಬೇಕು ಅಂತ ಎಲ್ಲಾದರೂ ಬರೆದಿದೆಯಾ?"

ಮೆಟ್ಟಿಲ ಮೇಲೆ ಕೂತು ಮಾತಾಡಿದೆವು. ಏಳನೇ ಮಹಡಿಯ ಕಚೇರಿಯೊಂದರಲ್ಲಿ ಅವನು ಕಟ್ಟಡಗಳ ನಕ್ಷೆ ಬರೆಯುತ್ತಿದ್ದ. ಅಪ್ಪ ತೀರಿಹೋಗಿ ಎರಡು ವರ್ಷವಾಯಿತು ಎಂದು ನಾನು ಹೇಳಿದಾಗ ಸುರುಳಿಯ ತುದಿಯನ್ನು ಬಿಚ್ಚಿ ಮತ್ತೆ ಸುತ್ತಿದ. ಅಮ್ಮ ಹೇಗಿದ್ದಾಳೆ ಎಂದು ಕೇಳಿದ. ಮೊಣಕಾಲು ನೋವು ಬಿಟ್ಟರೆ ಗಟ್ಟಿ ಎಂದೆ.

"ನನ್ನ ನೋಡಿದೆ ಅಂತ ಅಲ್ಲಿ ಹೇಳಬೇಡ. ಹೇಳಿದ್ರೆ ಮಾರನೇ ದಿನವೇ ಈ ಊರು ಬಿಡ್ತೀನಿ. ಮಾತು ಕೊಡು."

ಕೊಟ್ಟೆ. ಅಲ್ಲಿಂದ ಎರಡು ವರ್ಷ, ತಿಂಗಳಿಗೊಮ್ಮೆ ಆ ಲಿಫ್ಟಿಗೆ ಎಣ್ಣೆ ಹಾಕಲು ಹೋದಾಗಲೆಲ್ಲ ನಾವಿಬ್ಬರೂ ಅದೇ ಮೆಟ್ಟಿಲ ಮೇಲೆ ಕೂತೆವು, ಅವನ ಕೈಯಲ್ಲಿ ಚಹಾ, ನನ್ನ ಕೈಯಲ್ಲಿ ಹಾಲು. ಮನೆಗೆ ಬಂದು ನಾನು ಬಾಯಿ ಬಿಡಲಿಲ್ಲ.

ನಮ್ಮ ಕ್ರೈಸ್ತ ಸಭೆಯವರನ್ನು ಹೊರಗಿನವರು ಮಾರ್ಮನರು ಎನ್ನುತ್ತಾರೆ. ಪೀಠೋಪಕರಣದ ಅಂಗಡಿಯೊಂದರ ಮೇಲಿನ ಬಾಡಿಗೆ ಮಹಡಿಯಲ್ಲಿ ನಾವು ನಲವತ್ತು ಜನ ಭಾನುವಾರ ಸೇರುತ್ತೇವೆ. ಹದಿನಾಲ್ಕು ವರ್ಷದ ಹಿಂದೆ, ಟೈ ಕಟ್ಟಿದ ಇಬ್ಬರು ಯುವಕರು ಬಾಗಿಲು ತಟ್ಟಿದ ಮೇಲೆ, ಅಪ್ಪ, ಅಮ್ಮ ಮತ್ತು ನಾನು ಸೇರಿದೆವು. ದೇವರು ಪ್ರವಾದಿಗಳ ಮೂಲಕ ಇಂದಿಗೂ ಮಾತಾಡುತ್ತಾನೆ, ತಂತಮ್ಮ ಬದುಕಿಗೆ ಬೇಕಾದ ದೈವಪ್ರಕಟನೆ ಪ್ರತಿಯೊಬ್ಬರಿಗೂ ಸಿಗಬಹುದು ಎಂದು ನಾವು ನಂಬುತ್ತೇವೆ. ಹುಟ್ಟುವ ಮೊದಲೂ ನಾವಿದ್ದೆವು, ಸತ್ತ ಮೇಲೂ ಇರುತ್ತೇವೆ. ನಡುವಿನ ಈ ಬದುಕು ಪರೀಕ್ಷೆಯ ಅವಧಿ. ದೇವಾಲಯದಲ್ಲಿ ಬೆಸೆದ ಕುಟುಂಬ ಸಾವಿನ ಆಚೆಗೂ ಒಡೆಯುವುದಿಲ್ಲ.

ಅಣ್ಣ ಮನೆ ಬಿಟ್ಟದ್ದು ಈ ಕೊನೆಯ ಮಾತಿಗೆ. ದೇವಾಲಯ ಇರುವುದು ಬೇರೆ ಊರಲ್ಲಿ, ರೈಲಿನಲ್ಲಿ ಒಂದೂವರೆ ದಿನದ ದಾರಿ. ಹೊರಡುವುದಕ್ಕೆ ಒಂದು ವಾರ ಮೊದಲು ಅಪ್ಪ ಅವನನ್ನು ನಿಲ್ಲಿಸಿಕೊಂಡು, ನೀನು ದೀಕ್ಷಾಸ್ನಾನ ತೆಗೆದುಕೊಳ್ಳದಿದ್ದರೆ ನಮ್ಮ ಕುಟುಂಬ ಪೂರ್ತಿಯಾಗುವುದಿಲ್ಲ ಎಂದರು. "ಹತ್ತು ನಿಮಿಷ ಒಂದೇ ಕೋಣೇಲಿ ಕೂರೋಕಾಗದವರು ಅನಂತ ಕಾಲ ಹೇಗೆ ಕೂರ್ತೀರಿ?" ಎಂದು ಅಣ್ಣ ಕೇಳಿದ. ಅಪ್ಪ ಬಾಗಿಲು ತೋರಿಸಿದರು. ನಾವು ಮೂವರೇ ರೈಲು ಹತ್ತಿದೆವು.

ಪ್ರತಿ ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಉಪವಾಸ. ಅಂದು ಉಪದೇಶ ಇರುವುದಿಲ್ಲ. ಮನಸ್ಸು ಬಂದವರು ಎದ್ದು ಹೋಗಿ ಮೈಕಿನ ಮುಂದೆ ತಮ್ಮ ನಂಬಿಕೆಯ ಸಾಕ್ಷಿ ಹೇಳುತ್ತಾರೆ. ಅಮ್ಮ ಅಪರೂಪಕ್ಕೆ ಏಳುವವಳು. ಈ ವರ್ಷದ ಆರನೇ ತಿಂಗಳಲ್ಲಿ ಎದ್ದಳು.

"ಮಂಗಳವಾರ ಮಧ್ಯಾಹ್ನ ಮಿಷನ್ ಮುಂದೆ ಕೂತು ಪರದೆಯ ಅಂಚು ಹೊಲೀತಿದ್ದೆ," ಎಂದಳು. "ದೊಡ್ಡೋನು ಬೆನ್ನ ಹಿಂದೆ ನಿಂತು, ಅಮ್ಮಾ, ನನ್ನ ಬಿಟ್ಟು ಹೋಗಬೇಡ ಅಂದ. ತಿರುಗಿದ್ರೆ ಯಾರೂ ಇಲ್ಲ. ಆಗ ನನಗೆ ಗೊತ್ತಾಯ್ತು, ನನ್ನ ಮಗ ಆ ಕಡೆ ಸೇರಿದ್ದಾನೆ. ದೀಕ್ಷೆ ಕೊಡಿಸು ಅಂತ ಕೇಳ್ತಿದ್ದಾನೆ."

ನಲವತ್ತು ಜನ ಆಮೆನ್ ಎಂದರು. ನಾನೂ ಅಂದೆ. ಅಂದ ಮೇಲೆ ಕಿವಿ ಬಿಸಿಯಾಯಿತು.

ಸತ್ತವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಮಾಡುವುದು ನಮ್ಮ ಪದ್ಧತಿ. ದೇವಾಲಯದ ಕೊಳದಲ್ಲಿ ಗಂಡಸಿನ ಬದಲು ಗಂಡಸು, ಹೆಂಗಸಿನ ಬದಲು ಹೆಂಗಸು ಮುಳುಗಬೇಕು. ಮುಳುಗಿಸುವಾಗ ಆ ವ್ಯಕ್ತಿಯ ಹೆಸರನ್ನೂ ಅವನು ಮೃತನೆಂಬ ಮಾತನ್ನೂ ಗಟ್ಟಿಯಾಗಿ ಹೇಳುತ್ತಾರೆ. ಸತ್ತವನು ಆ ಕಡೆಯಿಂದ ಅದನ್ನು ಒಪ್ಪಬಹುದು, ಬಿಡಬಹುದು. ಇಷ್ಟಕ್ಕೆಲ್ಲ ಮೊದಲು ಹೆಸರನ್ನು ಕಂಪ್ಯೂಟರಿನಲ್ಲಿ ಸೇರಿಸಬೇಕು. ನಮ್ಮ ಶಾಖೆಯಲ್ಲಿ ಆ ಕೆಲಸಕ್ಕೆ ನೇಮಕವಾಗಿರುವವನು ನಾನೇ.

"ನೀನೇ ಅವನ ಬದಲು ನೀರಿಗಿಳಿ," ಎಂದಳು ಅಮ್ಮ ಮನೆಗೆ ಬರುತ್ತಾ. "ಒಡಹುಟ್ಟಿದವನು. ನಿನಗಿಂತ ಇನ್ಯಾರಿದ್ದಾರೆ? ಬರೋ ತಿಂಗಳು ಎಲ್ಲರೂ ದೇವಾಲಯಕ್ಕೆ ಹೊರಡ್ತಾರೆ. ಅಷ್ಟರಲ್ಲಿ ಹೆಸರು ಹಾಕಿಬಿಡು."

ನಮ್ಮ ವಂಶವೃಕ್ಷದಲ್ಲಿ ಅಣ್ಣನ ಹೆಸರಿನ ಎದುರು 'ಜೀವಂತ' ಎಂದಿದೆ. ಅದನ್ನು 'ಮೃತ' ಎಂದು ಬದಲಿಸಿದರೆ ಕೆಳಗೆ ಒಂದು ಖಾಲಿ ಜಾಗ ತೆರೆದುಕೊಳ್ಳುತ್ತದೆ: ಕಾರಣ ಬರೆಯಿರಿ. ಮೂರು ವಾರ ಪ್ರತಿ ಸಂಜೆ ಅಲ್ಲಿಯವರೆಗೆ ಹೋಗಿ ವಾಪಸು ಬಂದೆ. ಅಮ್ಮ ಕೇಳಿದಾಗ ಸಾವಿನ ತಾರೀಖು ಸಿಗಬೇಕು, ಕಡತ ಸಿಗಬೇಕು ಎಂದು ಸಾಗಹಾಕಿದೆ.

ನನ್ನ ಸಂಕಟ ಅಷ್ಟೇ ಆಗಿದ್ದರೆ ಸುಲಭವಿತ್ತು. ನಾನು ನಂಬುವವನು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಇದು ನಿಜವೇ ಎಂದು ಮೊಣಕಾಲೂರಿ ಕೇಳಿದಾಗ ಎದೆಯಲ್ಲಿ ಒಂದು ಉತ್ತರ ಬಂದಿತ್ತು. ನನ್ನ ಇಡೀ ಬದುಕನ್ನು ಅದರ ಮೇಲೆ ಕಟ್ಟಿದ್ದೇನೆ. ಅಮ್ಮನಿಗೆ ಹೊಲಿಗೆ ಮಿಷನ್ ಮುಂದೆ ಬಂದದ್ದು ಸುಳ್ಳಾದರೆ ನನಗೆ ಬಂದದ್ದು ಏನು?

ಅಣ್ಣನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು ಲೋಟ ಕೆಳಗಿಟ್ಟು ನಕ್ಕ. ಬಹಳ ಹೊತ್ತು ನಕ್ಕ.

"ಹಾಕಿಬಿಡು ಮಾರಾಯ. ಸತ್ತೆ ಅಂತಲೇ ಹಾಕು. ಒಪ್ಪಿಗೆ ಬೇಕಾ?"

"ಹತ್ತಿರದ ಸಂಬಂಧಿಕರದ್ದು ಬೇಕು."

"ನನಗಿಂತ ಹತ್ತಿರದ ಸಂಬಂಧಿಕ ನನಗ್ಯಾರು? ಒಪ್ಪಿದ್ದೀನಿ. ಸತ್ತ ಮೇಲೂ ಬೇಡ ಅನ್ನಬಹುದು ಅಂದೆಯಲ್ಲ?"

"ಅನ್ನಬಹುದು."

"ಹಾಗಾದ್ರೆ ಈಗಲೇ ಬೇಡ ಅಂದಿದ್ದೀನಿ ಅಂತ ಬರ್ಕೊ. ಎಲ್ಲರ ಕೆಲಸವೂ ಮುಗೀತು."

"ಅಮ್ಮ ನಿನ್ನ ಕಾಯೋದು ಬಿಡ್ತಾಳೆ ಅಣ್ಣ."

ನಗು ನಿಂತಿತು. "ಬಿಡ್ಲಿ," ಎಂದ. "ಬದುಕಿರೋ ನನ್ನ ಜೊತೆ ಅವಳಿಗೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಸತ್ತೋರಿಗಾದ್ರೆ ನಿಮ್ಮಲ್ಲಿ ಒಂದು ವ್ಯವಸ್ಥೆ ಇದೆ."

"ಒಂದೇ ಒಂದು ಸಲ ಫೋನ್ ಮಾಡು."

"ಮಾತು ಕೊಟ್ಟಿದ್ದೀಯ," ಎಂದು ಎದ್ದು ಹೋದ. ಅವತ್ತು ಅವನ ಚಹಾದ ಲೋಟ ಅರ್ಧದಲ್ಲೇ ಉಳಿಯಿತು.

ದೇವಾಲಯದೊಳಗೆ ಹೋಗಲು ಒಂದು ಚೀಟಿ ಬೇಕು. ಅದಕ್ಕೆ ಶಾಖೆಯ ಅಧ್ಯಕ್ಷರ ಮುಂದೆ ಕೂತು ಗೊತ್ತುಪಡಿಸಿದ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಪ್ರಶ್ನೆಗಳು ಎಲ್ಲರಿಗೂ ಒಂದೇ. ನಮ್ಮ ಅಧ್ಯಕ್ಷರು ವಾರದ ದಿನಗಳಲ್ಲಿ ಹಲ್ಲಿನ ಡಾಕ್ಟರು. ಮಹಡಿಯ ಮೂಲೆಯ ಚಿಕ್ಕ ಕೋಣೆಯಲ್ಲಿ ಮಡಚುವ ಕುರ್ಚಿ ತೋರಿಸಿ, "ಕೂತ್ಕೊ. ಇಲ್ಲಿ ಬಾಯಿ ಅಷ್ಟು ಅಗಲ ತೆಗೀಬೇಕಾಗಿಲ್ಲ," ಎಂದರು.

ದೇವರಲ್ಲಿ ನಂಬಿಕೆ ಇದೆಯೇ? ಇದೆ. ಈಗಿನ ಪ್ರವಾದಿಯನ್ನು ಪ್ರವಾದಿಯೆಂದು ಒಪ್ಪುತ್ತೀಯಾ? ಒಪ್ಪುತ್ತೇನೆ. ಹೀಗೇ ಸಾಗಿ ಆ ಪ್ರಶ್ನೆ ಬಂತು: ನಿನ್ನ ಎಲ್ಲ ನಡೆಯಲ್ಲೂ ಪ್ರಾಮಾಣಿಕನಾಗಿರಲು ಪ್ರಯತ್ನಿಸುತ್ತಿದ್ದೀಯಾ?

ಹೌದು ಎನ್ನಲು ಬಾಯಿ ತೆರೆದೆ. ಎರಡು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ, ಅಣ್ಣ ಸಿಗುವುದಕ್ಕೆ ಒಂದು ತಿಂಗಳು ಮೊದಲು, ಹೌದು ಎಂದಿದ್ದೆ.

"ಒಂದು ವಿಷಯ ಬಿಟ್ಟು," ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಯಾವುದು?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಯಾರಿಗೆ?"

"ಅದು ಹೇಳಿದ್ರೆ ಎಲ್ಲ ಹೇಳಿದ ಹಾಗೇ ಸರ್."

"ಹೇಳಿದ್ರೆ ಕೊಟ್ಟ ಮಾತು ಸುಳ್ಳು. ಹೇಳದಿದ್ರೆ ಇನ್ಯಾರಿಗೋ ಸುಳ್ಳು. ಹಾಗಾ?"

"ಹಾಗೇ."

ಅವರು ಚೀಟಿಯ ಪುಸ್ತಕ ಮುಚ್ಚಿದರು. "ಬೇರಿಗೇ ಹೋಗಿದೆ," ಎಂದರು. "ಇದು ನಾನು ಕೀಳೋ ಹಲ್ಲಲ್ಲಪ್ಪ. ಪ್ರಾರ್ಥನೆ ಮಾಡು. ಸಹಿ ಆಮೇಲೆ ನೋಡೋಣ."

ಹೊರಗೆ ಬೆಂಚಿನ ಮೇಲೆ ಅಮ್ಮ ಕೂತಿದ್ದಳು. ಅವಳ ಚೀಟಿ ಆಗಲೇ ಸಹಿಯಾಗಿ ಚೀಲದಲ್ಲಿತ್ತು. ನನ್ನ ಖಾಲಿ ಕೈ ನೋಡಿದಳು.

"ಆಗ್ಲಿಲ್ವಾ?"

"ಇಲ್ಲ."

ಪ್ರಶ್ನೆಗಳೆಲ್ಲ ಅವಳಿಗೆ ಬಾಯಿಪಾಠ. ತುಟಿಯಲ್ಲೇ ಒಂದೊಂದನ್ನು ಹೇಳಿಕೊಂಡು ಹೋಗುತ್ತಿರುವುದು ನನಗೆ ಕಾಣುತ್ತಿತ್ತು. ನಾನು ಕುಡಿಯುವವನಲ್ಲ, ಸೇದುವವನಲ್ಲ, ನಂಬಿಕೆ ಕಳೆದುಕೊಂಡವನಲ್ಲ ಎಂಬುದು ಅವಳಿಗೆ ಗೊತ್ತು. ಒಂದು ಕಡೆ ತುಟಿ ನಿಂತಿತು.

"ತಾರೀಖು ಸಿಗ್ಲಿಲ್ಲ, ಸಿಗ್ಲಿಲ್ಲ ಅಂತಿದ್ದೆಯಲ್ಲ ಮಗ," ಎಂದಳು ನಿಧಾನವಾಗಿ.

ನಾನು ಗೋಡೆ ನೋಡಿದೆ. ಮೊಣಕಾಲು ಹಿಡಿದುಕೊಂಡು ಎದ್ದು, ಮೆಟ್ಟಿಲ ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

ದೇವಾಲಯದ ಪ್ರಯಾಣಕ್ಕೆ ಉಳಿದವರು ಹೋದರು. ಅಮ್ಮ ಮೊಣಕಾಲಿನ ನೆಪ ಹೇಳಿ ಉಳಿದಳು. ಮುಂದಿನ ಉಪವಾಸದ ಭಾನುವಾರ ಯಾರೂ ಎದುರು ನೋಡದಿದ್ದಾಗ ಎದ್ದು ಮೈಕಿನ ಹತ್ತಿರ ಹೋದಳು.

"ಹೋದ ಸಲ ನಾನು ಹೇಳಿದ್ದರಲ್ಲಿ ಒಂದು ತಪ್ಪಿತ್ತು," ಎಂದಳು. "ನನ್ನ ಮಗನ ದನಿ ಕೇಳಿಸಿದ್ದು ನಿಜ. ಬಿಟ್ಟು ಹೋಗಬೇಡ ಅಂದಿದ್ದೂ ನಿಜ. ಸತ್ತಿದ್ದಾನೆ ಅಂತ ಅವನು ಹೇಳಲಿಲ್ಲ. ಅದು ನಾನು ಸೇರಿಸಿದ್ದು."

ಆಮೆನ್ ಈ ಸಲ ತಡವಾಗಿ, ಅಲ್ಲೊಂದು ಇಲ್ಲೊಂದು ಬಂತು. ಹಿಂದಿನ ಸಾಲಿನ ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಅಮ್ಮ ಅವರ ನಡುವೆಯೇ ನಡೆದು ಬಂದು ನನ್ನ ಪಕ್ಕ ಕೂತಳು. ನಾನು ಅವಳ ಕಡೆ ತಿರುಗಲಿಲ್ಲ. ತಿರುಗಿದ್ದರೆ ನನ್ನ ಮುಖವೇ ಮಾತಾಡುತ್ತಿತ್ತು.

ಮಾರನೇ ದಿನದಿಂದ ಅವಳಿಗೊಂದು ಹೊಸ ಅಭ್ಯಾಸ ಶುರುವಾಯಿತು. ಹದಿನೈದು ವರ್ಷದ ನನ್ನ ಕೆಲಸದಲ್ಲಿ ಒಮ್ಮೆಯೂ ಕೇಳದಿದ್ದವಳು, ನಾನು ಚೀಲ ಇಳಿಸಿದ ಕೂಡಲೇ ಕೇಳುತ್ತಿದ್ದಳು: "ಇವತ್ತು ಯಾವ ಕಟ್ಟಡ?"

"ಹಳೇ ಬ್ಯಾಂಕು," ಎನ್ನುತ್ತಿದ್ದೆ. ಇನ್ನೊಂದು ದಿನ, "ಕಣ್ಣಾಸ್ಪತ್ರೆ." ಮತ್ತೊಂದು ದಿನ, "ಎರಡು ವಸತಿ ಕಟ್ಟಡ, ನದಿ ಪಕ್ಕದ್ದು." ಅವಳು ತಲೆಯಾಡಿಸಿ ಮತ್ತೆ ಹೊಲಿಗೆಗೆ ಬಗ್ಗುತ್ತಿದ್ದಳು. ಅಣ್ಣನ ಕಟ್ಟಡಕ್ಕೆ ಹೋದ ದಿನ, "ಇವತ್ತು ಸುಸ್ತು," ಎಂದು ಸ್ನಾನಕ್ಕೆ ಹೋಗಿಬಿಟ್ಟೆ. ಸುಳ್ಳು ಹೆಸರು ಹೇಳಬಹುದಿತ್ತು. ಇನ್ನೊಂದು ಸುಳ್ಳಿಗೆ ನನ್ನಲ್ಲಿ ಜಾಗ ಇರಲಿಲ್ಲ. ಅಂದು ಅಣ್ಣನೂ ಮೆಟ್ಟಿಲಿಗೆ ಬಂದಿರಲಿಲ್ಲ. ಮೇಲೆ ಅವನ ಕಚೇರಿಯ ಗಾಜಿನ ಬಾಗಿಲ ಆಚೆ ಅವನ ಬೆನ್ನು ಮಾತ್ರ ಕಂಡಿತ್ತು.

ತಿಂಗಳ ಕೊನೆಯ ಶನಿವಾರ ಸಂಜೆ ಅಮ್ಮ ದಾರ ಪೋಣಿಸುತ್ತಾ ಕೇಳಿದಳು, "ನಿನ್ನ ಪಾಲಿಗೆ ಒಟ್ಟು ಹನ್ನೆರಡು ಕಟ್ಟಡ ಅಲ್ವಾ?"

"ಹೌದು."

"ಎಲ್ಲದಕ್ಕೂ ತಿಂಗಳಿಗೊಂದು ಸಲ ಹೋಗಲೇಬೇಕು."

"ಹೌದಮ್ಮ."

"ಹನ್ನೊಂದೇ ಹೇಳಿದ್ದೀಯ."

ನಾನು ಬಿಚ್ಚುತ್ತಿದ್ದ ಬೂಟಿನ ಲೇಸು ಕೈಯಲ್ಲೇ ಉಳಿಯಿತು. ಹೌದೆಂದರೂ ಹೇಳಿದಂತೆ, ಇಲ್ಲವೆಂದರೂ ಹೇಳಿದಂತೆ, ಸುಮ್ಮನಿದ್ದರೂ ಹೇಳಿದಂತೆ.

"ಬಾಯಿ ಬಿಡಬೇಡ," ಎಂದಳು. "ನಿನ್ನ ಬಾಯಿಂದ ಬರೋದು ನನಗೆ ಬೇಡ. ನಿನ್ನ ಚೀಲದಲ್ಲಿ ಸರ್ವಿಸ್ ಪುಸ್ತಕ ಇರುತ್ತೆ, ಅದರಲ್ಲಿ ಹನ್ನೆರಡರ ಹೆಸರೂ ಇರುತ್ತೆ. ಇವತ್ತಿನವರೆಗೆ ನಾನು ಅದನ್ನ ಮುಟ್ಟಿಲ್ಲ."

ಚೀಲ ನಮ್ಮಿಬ್ಬರ ನಡುವೆ ನೆಲದ ಮೇಲಿತ್ತು. ಅವಳು ಅಲ್ಲಿಗೆ ಹೋದರೆ ಅಣ್ಣ ಊರು ಬಿಡುತ್ತಾನೆ. ಅದನ್ನು ಅವಳಿಗೆ ಹೇಳಿ ತಡೆಯೋಣವೆಂದರೆ, ಅವನು ಅಲ್ಲಿದ್ದಾನೆ ಎಂದು ಮೊದಲು ಹೇಳಬೇಕು. ಪುಸ್ತಕವನ್ನು ಬಚ್ಚಿಟ್ಟರೂ ಅದೇ ಉತ್ತರ. ಎಷ್ಟೋ ಜನರನ್ನು ನಾನು ಎರಡು ಮಹಡಿಗಳ ನಡುವಿನಿಂದ ಹೊರಗೆ ತಂದಿದ್ದೇನೆ. ಅವರಿಗೆಲ್ಲ ಹೊರಗಿನಿಂದ ಚಕ್ರ ತಿರುಗಿಸುವವನು ಒಬ್ಬನಿದ್ದ.

ಅಮ್ಮ ಸೂಜಿಯನ್ನು ದೀಪಕ್ಕೆ ಹಿಡಿದು ನೋಡಿದಳು.

"ಅಲ್ಲಿ ಲಿಫ್ಟ್ ಸರಿಯಾಗಿದೆಯಾ?" ಎಂದಳು. "ನನ್ನ ಮೊಣಕಾಲಿಗೆ ಮೆಟ್ಟಿಲು ಆಗಲ್ಲ."

"ಸರಿಯಾಗಿದೆ," ಎಂದೆ.